ಕೂರುತ್ತೆ, ಓಡಲ್ಲ: ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಜಗಳದ ನಲವತ್ತು ವರ್ಷ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

 

ನಾನು ಗಾಜನೂರಿನವನು. ಹಾಗಂದ ತಕ್ಷಣ ಎಲ್ಲರೂ, "ಓ, ರಾಜ್‌ಕುಮಾರ್ ಊರು!" ಅಂತಾರೆ. ಅಲ್ಲ. ಅಣ್ಣಾವ್ರದ್ದು ತಾಳವಾಡಿ ಕಡೆಯ ದೊಡ್ಡಗಾಜನೂರು. ನಮ್ಮದು ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸಿಗೋ ಗಾಜನೂರು. ತುಂಗಾ ಅಣೆಕಟ್ಟು, ನವೋದಯ ಶಾಲೆ, ಇನ್ನೂ ಸ್ವಲ್ಪ ಮುಂದೆ ಹೋದರೆ ಸಕ್ರೆಬೈಲಿನ ಆನೆಗಳು. ಪ್ರತಿ ಮಳೆಗಾಲದಲ್ಲೂ ಟಿವಿಯಲ್ಲಿ "ಗಾಜನೂರು ಡ್ಯಾಂ ಭರ್ತಿ, ಗೇಟ್ ಓಪನ್" ಅಂತ ಬರುತ್ತಲ್ಲ, ಅದೇ.

2019ರ ಮಳೆಗಾಲ. ನನ್ನ ಹತ್ತಿರ ಒಂದು ಕಂಪ್ಯೂಟರ್ ಇತ್ತು. ಎಚ್110 ಚಿಪ್‌ಸೆಟ್‌ನ ಮದರ್‌ಬೋರ್ಡ್, ಅದರಲ್ಲಿ ಪೆಂಟಿಯಂ ಜಿ4400 ಪ್ರೊಸೆಸರ್. ವಿಡಿಯೊ ಎಡಿಟಿಂಗ್ ಕಲೀಬೇಕು, ಮದುವೆ ವಿಡಿಯೊ ಕೆಲಸ ಹಿಡೀಬೇಕು ಅಂತ ಆಸೆ. ಆದರೆ ಪೆಂಟಿಯಂನಲ್ಲಿ ಎರಡೇ ಕೋರ್. ಒಂದು ನಿಮಿಷದ ವಿಡಿಯೊ ರೆಂಡರ್ ಆಗೋಷ್ಟರಲ್ಲಿ ಕಾಫಿ ಕಾಸಿ, ಕುಡಿದು, ಲೋಟ ತೊಳೆದಿಡಬಹುದಿತ್ತು.

ಆಗ ಆನ್‌ಲೈನ್‌ನಲ್ಲಿ ಒಬ್ಬರು ಐ3 8100 ಮಾರೋಕೆ ಇಟ್ಟಿದ್ದರು. ಸೆಕೆಂಡ್ ಹ್ಯಾಂಡ್, ಡಬ್ಬಿ ಇಲ್ಲ, ಆರೂವರೆ ಸಾವಿರ. ನಾಲ್ಕು ಕೋರ್. ನನ್ನ ಬೋರ್ಡಿನ ಸಾಕೆಟ್ ಯಾವುದು? ಎಲ್‌ಜಿಎ 1151. ಆ ಪ್ರೊಸೆಸರ್ ಕೂರೋ ಸಾಕೆಟ್? ಎಲ್‌ಜಿಎ 1151. ಮತ್ತಿನ್ನೇನು ಬೇಕು! ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿ ದುಡ್ಡು ಕೊಟ್ಟರು. "ಕೆಲಸ ಸಿಗುತ್ತಲ್ಲ ಮಗಾ?" ಅಂತ ಒಂದೇ ಮಾತು ಕೇಳಿದ್ದು. ಸಿಗುತ್ತಮ್ಮ ಅಂದೆ.

ಪ್ರೊಸೆಸರ್ ಬಂತು. ಸಾಕೆಟ್ಟಲ್ಲಿ ಮೆತ್ತಗೆ ಕೂತಿತು. ಲಿವರ್ ಮುಚ್ಚಿದೆ, ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು. ಸ್ಕ್ರೀನ್ ಮಾತ್ರ ಕಪ್ಪು. ರ‍್ಯಾಮ್ ತೆಗೆದು ಹಾಕಿದೆ. ಕಪ್ಪು. ಸೆಲ್ ತೆಗೆದು ಹಾಕಿದೆ. ಕಪ್ಪೇ. ಮರುದಿನ ಮಳೆಯಲ್ಲಿ ಪ್ಲಾಸ್ಟಿಕ್ ಸುತ್ತಿಕೊಂಡು ಶಿವಮೊಗ್ಗಕ್ಕೆ ಹೋದೆ. ರಿಪೇರಿಯವರು ಬೋರ್ಡಿನ ಮೇಲಿದ್ದ ನಂಬರ್ ನೋಡಿದರು, ಪ್ರೊಸೆಸರ್ ಮೇಲಿದ್ದ ನಂಬರ್ ನೋಡಿದರು, ಇಷ್ಟೇ ಅಂದರು: "ಕೂರುತ್ತೆ ತಮ್ಮಾ, ಓಡಲ್ಲ."

ಆ ಮಾತು ನನ್ನ ತಲೇಲಿ ಉಳಿದುಬಿಟ್ಟಿತು. ಅಷ್ಟು ಸರಿಯಾಗಿ ಕೂರೋ ವಸ್ತು ಯಾಕೆ ಓಡಲ್ಲ? ಅದನ್ನ ತಡೆದಿದ್ದು ಯಾರು? ಹುಡುಕುತ್ತಾ ಹೋದಾಗ ಸಿಕ್ಕಿದ ಚರಿತ್ರೆಯೇ ಇವತ್ತಿನ ಸಂಚಿಕೆ.

ಮೊದಲು ನಮ್ಮೂರಿನ ರೈಲು

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದಿದ್ದು 1899ರಲ್ಲಿ. ಮೀಟರ್ ಗೇಜ್, ಅಂದ್ರೆ ಎರಡು ಹಳಿಗಳ ನಡುವೆ 1000 ಮಿಲಿಮೀಟರ್. ಅದೇ ಹಳಿ ಮುಂದಕ್ಕೆ ಬೆಳೆದು 1940ರಲ್ಲಿ ತಾಳಗುಪ್ಪ ಮುಟ್ಟಿತು. 1990ರ ದಶಕದಲ್ಲಿ ಬೀರೂರು–ಶಿವಮೊಗ್ಗ ಸಾಲು ಬ್ರಾಡ್ ಗೇಜ್ ಆಯ್ತು, 1676 ಮಿಲಿಮೀಟರ್. ಆದರೆ ಶಿವಮೊಗ್ಗ–ತಾಳಗುಪ್ಪ ಸಾಲು ಮೀಟರ್ ಗೇಜಿನಲ್ಲೇ ಉಳಿಯಿತು. ಹಾಗಾಗಿ ವರ್ಷಗಟ್ಟಲೆ ಏನಾಗ್ತಿತ್ತು ಅಂದ್ರೆ, ಬೆಂಗಳೂರಿನಿಂದ ಬಂದ ರೈಲು ಶಿವಮೊಗ್ಗದಲ್ಲಿ ನಿಲ್ಲುತ್ತಿತ್ತು. ಸಾಗರಕ್ಕೆ ಹೋಗೋರು ಗಂಟುಮೂಟೆ ಎತ್ತಿಕೊಂಡು ಇಳಿದು, ಪುಟಾಣಿ ರೈಲು ಬಸ್ ಹತ್ತಬೇಕಿತ್ತು. "ಮಾಲ್ಗುಡಿ ಡೇಸ್" ಚಿತ್ರೀಕರಣ ಆದ ಅರಸಾಳು ನಿಲ್ದಾಣ ಇರೋದು ಇದೇ ಸಾಲಿನಲ್ಲಿ. ಆಮೇಲೆ ಈ ಸಾಲೂ ಬ್ರಾಡ್ ಗೇಜ್ ಆಯ್ತು.

ಗೇಜ್ ಎಷ್ಟು ಇರಬೇಕು ಅಂತ ತೀರ್ಮಾನ ಮಾಡಿದವರು ಎಲ್ಲೋ ದೂರದಲ್ಲಿ ಕೂತಿದ್ದರು. ಅವರಿಗೆ ಅವರದ್ದೇ ಕಾರಣಗಳಿದ್ದವು. ಗಂಟು ಹೊತ್ತಿದ್ದು ಮಾತ್ರ ಪ್ರಯಾಣಿಕರು. ಸಾಕೆಟ್ ಕಥೆಯೂ ಹೆಚ್ಚು ಕಡಿಮೆ ಹೀಗೇ. ಒಂದೇ ವ್ಯತ್ಯಾಸ: ಮೀಟರ್ ಗೇಜ್ ಹಳಿ ಮೇಲೆ ಬ್ರಾಡ್ ಗೇಜ್ ಗಾಡಿ ಕೂರಲ್ಲ ಅಂತ ನೋಡಿದ್ರೇ ಗೊತ್ತಾಗುತ್ತೆ. ಪ್ರೊಸೆಸರ್ ವಿಷಯದಲ್ಲಿ ಗೊತ್ತಾಗೋದು ದುಡ್ಡು ಕೊಟ್ಟ ಮೇಲೆ.

ಎಲ್ಲರಿಗೂ ಒಂದೇ ತೂತು

1981ರಲ್ಲಿ ಐಬಿಎಂ ತನ್ನ ಪಿಸಿ ತಂದಿತು. ಒಳಗಿದ್ದದ್ದು ಇಂಟೆಲ್ 8088, ನಲವತ್ತು ಕಾಲಿನ ಚಿಪ್. ಐಬಿಎಂಗೆ ಒಂದು ಭಯ ಇತ್ತು: ಒಂದೇ ಕಂಪನಿಯನ್ನ ನಂಬಿಕೊಂಡರೆ, ಅದು ಕೈ ಎತ್ತಿದಾಗ ಏನು ಗತಿ? ಇದೇ ಚಿಪ್ಪನ್ನ ಎರಡನೆಯವರೂ ಮಾಡಿಕೊಡಬೇಕು ಅಂತ ಪಟ್ಟು ಹಿಡಿಯಿತು. ಹಾಗಾಗಿ 1982ರಲ್ಲಿ ಇಂಟೆಲ್ ಮತ್ತು ಎಎಂಡಿ ನಡುವೆ ಒಪ್ಪಂದ ಆಯ್ತು. ಎಎಂಡಿ ಮಾಡಿದ 286 ಚಿಪ್ ಇಂಟೆಲ್ 286 ಜಾಗದಲ್ಲಿ ಹಾಗೇ ಕೂರುತ್ತಿತ್ತು, ಓಡುತ್ತಲೂ ಇತ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಆಗಿನ ಹೊಂದಾಣಿಕೆ ಯಾರ ದೊಡ್ಡ ಮನಸ್ಸಿನಿಂದಲೂ ಬಂದಿದ್ದಲ್ಲ. ಚಿಪ್ ಕೊಳ್ಳೋ ಐಬಿಎಂ ಅಷ್ಟು ದೊಡ್ಡ ಗಿರಾಕಿ ಆಗಿತ್ತು, ಅದಕ್ಕೇ ಬಂತು. ಗಿರಾಕಿಗೆ ಬಲ ಇದ್ದಾಗ ಎಲ್ಲ ಹೊಂದುತ್ತೆ.

386 ಬಂದಾಗ ಇಂಟೆಲ್ ಅದರ ವಿನ್ಯಾಸ ಹಂಚಿಕೊಳ್ಳಲಿಲ್ಲ. ಜಗಳ ಪಂಚಾಯ್ತಿಗೂ ಹೋಯ್ತು, ಕೋರ್ಟಿಗೂ ಹೋಯ್ತು. ಎಎಂಡಿ 1991ರಲ್ಲಿ ತನ್ನದೇ 386 ಹೊರತಂದಿತು. ಇಂಟೆಲ್‌ನ 386 33 ಮೆಗಾಹರ್ಟ್ಸ್‌ಗೆ ನಿಂತಿದ್ದರೆ, ಎಎಂಡಿಯದು 40 ಮುಟ್ಟಿತು. "386" ಅನ್ನೋ ಬರೀ ಅಂಕಿಯನ್ನ ಟ್ರೇಡ್‌ಮಾರ್ಕ್ ಮಾಡಿ ಉಳಿಸಿಕೊಳ್ಳೋಕೆ ಆಗಲ್ಲ ಅಂತ ಗೊತ್ತಾದ ಮೇಲೆ, 1993ರಲ್ಲಿ ಇಂಟೆಲ್ ತನ್ನ ಹೊಸ ಚಿಪ್‌ಗೆ ಅಂಕಿ ಬಿಟ್ಟು ಹೆಸರಿಟ್ಟಿತು: ಪೆಂಟಿಯಂ.

ಹೆಸರು ಬೇರೆಯಾದರೂ ಸಾಕೆಟ್ ಇನ್ನೂ ಬೇರೆ ಆಗಿರಲಿಲ್ಲ. 321 ಪಿನ್‌ಗಳ ಸಾಕೆಟ್ 7 ಅನ್ನೋದನ್ನ ಒಂಥರಾ ಊರಿನ ಅರಳಿಕಟ್ಟೆ ಅನ್ನಬಹುದು. ಇಂಟೆಲ್ ಪೆಂಟಿಯಂ, ಎಎಂಡಿ ಕೆ6, ಸೈರಿಕ್ಸ್ 6ಎಕ್ಸ್86, ಯಾರು ಬೇಕಾದ್ರೂ ಬಂದು ಕೂರಬಹುದಿತ್ತು. ನಮ್ಮಲ್ಲಿ "ಅಸೆಂಬಲ್ಡ್ ಕಂಪ್ಯೂಟರ್" ಅನ್ನೋ ಮಾತು ಬಳಕೆಯಲ್ಲಿದ್ದ ಕಾಲ ಅದು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಬೋರ್ಡ್ ಒಂದು ಅಂಗಡಿಯಲ್ಲಿ, ಪ್ರೊಸೆಸರ್ ಇನ್ನೊಂದರಲ್ಲಿ ಚೌಕಾಸಿ ಮಾಡಿ ತಂದು ಜೋಡಿಸೋ ಕಾಲ.

ಆದರೂ ಅವತ್ತೇ ಒಂದು ಮುಳ್ಳು ಇತ್ತು. ಪೆಂಟಿಯಂ ಎಂಎಂಎಕ್ಸ್‌ನ ಒಳಭಾಗಕ್ಕೆ 2.8 ವೋಲ್ಟ್ ಬೇಕು. ಹಳೆಯ ಬೋರ್ಡ್‌ಗಳು ಕೊಡುತ್ತಿದ್ದದ್ದು 3.3. ಬೋರ್ಡಿನ ಮೇಲೆ ಜಂಪರ್ ಅಂತ ಪುಟ್ಟ ಕ್ಲಿಪ್ ಇರುತ್ತಿತ್ತು, ಅದನ್ನ ಸರಿಯಾದ ಜಾಗದಲ್ಲಿ ಇಡದಿದ್ದರೆ ಕಥೆ ಮುಗಿಯಿತು. ಕೂರೋದು ಬೇರೆ, ಒಗ್ಗೋದು ಬೇರೆ ಅನ್ನೋ ಪಾಠ ಅಲ್ಲೇ ಶುರು.

ಬೇಲಿ ಬಿದ್ದ ವರ್ಷ

1997. ಪೆಂಟಿಯಂ 2 ಬಂತು. ಇದು ಚೌಕಾಕಾರದ ಚಿಪ್ ಅಲ್ಲ, ವಿಡಿಯೊ ಗೇಮ್ ಕ್ಯಾಸೆಟ್ ಥರ ಲಂಬವಾಗಿ ಚುಚ್ಚೋ ಪೆಟ್ಟಿಗೆ. ಅದು ಕೂರೋ ಜಾಗದ ಹೆಸರು ಸ್ಲಾಟ್ 1. ಈ ಜೋಡಣೆಯನ್ನ ಇಂಟೆಲ್ ಪೇಟೆಂಟ್‌ಗಳಿಂದ ಕಾಯ್ದುಕೊಂಡಿತು. ಎಎಂಡಿ ಇನ್ನು ಇಂಟೆಲ್ ಬೋರ್ಡಿನಲ್ಲಿ ಕೂರುವಂತಿಲ್ಲ.

ಎಎಂಡಿ 1999ರಲ್ಲಿ ಅಥ್ಲಾನ್ ತಂದಾಗ ಮಾಡಿದ ಕೆಲಸ ನೋಡಿ. ಅದೇ 242 ಸಂಪರ್ಕಗಳ ಕನೆಕ್ಟರ್ ತಗೊಂಡು, ತಿರುಗಿಸಿ ಹಾಕಿ, ಸ್ಲಾಟ್ ಎ ಅಂತ ಹೆಸರಿಟ್ಟಿತು. ಬಿಡಿಭಾಗ ಒಂದೇ, ಅದರಲ್ಲಿ ಹರಿಯೋ ಭಾಷೆ ಬೇರೆ. ಅವತ್ತಿನಿಂದ ಡೆಸ್ಕ್‌ಟಾಪ್ ಜಗತ್ತು ಎರಡು ಕೇರಿ ಆಯ್ತು. ಕೊಳ್ಳೋರು ಮೊದಲು ಪಕ್ಷ ಆರಿಸಬೇಕು, ಆಮೇಲೆ ಬೋರ್ಡ್.

ಸರಿ, ಒಂದೇ ಪಕ್ಷದ ಒಳಗಾದರೂ ಎಲ್ಲ ಹೊಂದುತ್ತಿತ್ತಾ? ಅದೂ ಇಲ್ಲ. ಇಂಟೆಲ್‌ನ ಸಾಕೆಟ್ 370 ತಗೊಳ್ಳಿ. 1999ರ ಸೆಲೆರಾನ್, ಆಮೇಲಿನ ಪೆಂಟಿಯಂ 3, 2001ರ ಟುವಾಲಟಿನ್ ಪೆಂಟಿಯಂ 3, ಮೂರೂ 370 ಪಿನ್ನಿನವು. ಆದರೆ ಹಳೆಯ ಬೋರ್ಡಿನಲ್ಲಿ ಟುವಾಲಟಿನ್ ಓಡಲ್ಲ.

2004ರ ಎಲ್‌ಜಿಎ 775 ಇನ್ನೂ ದೊಡ್ಡ ಉದಾಹರಣೆ. ಪೆಂಟಿಯಂ 4ರಿಂದ ಕೋರ್ 2 ಕ್ವಾಡ್‌ವರೆಗೆ ಅದೇ ಸಾಕೆಟ್. ಆದರೂ 2004ರ 915 ಚಿಪ್‌ಸೆಟ್ ಬೋರ್ಡಿಗೆ 2006ರ ಕೋರ್ 2 ಡ್ಯುಯೊ ಹಾಕಿದರೆ, ಕೂರುತ್ತಿತ್ತು, ಓಡುತ್ತಿರಲಿಲ್ಲ. ಇದೇ ಸಾಕೆಟ್ ಇನ್ನೊಂದು ಬದಲಾವಣೆ ತಂತು: ಪಿನ್‌ಗಳು ಚಿಪ್ಪಿನಿಂದ ಬೋರ್ಡಿಗೆ ವರ್ಗ ಆದವು. ಮುಂಚೆ ಪಿನ್ ಬಗ್ಗಿದರೆ ಪ್ರೊಸೆಸರ್ ಹಾಳು, ಈಗ ಬೋರ್ಡ್ ಹಾಳು.

ನನ್ನ ಆರೂವರೆ ಸಾವಿರ ಹೋಗಿದ್ದು ಎಲ್ಲಿ?

ಈಗ ನನ್ನ ಕೇಸಿಗೆ ಬರ್ತೀನಿ. ಎಲ್‌ಜಿಎ 1151 ಬಂದಿದ್ದು 2015ರಲ್ಲಿ, ಆರನೇ ತಲೆಮಾರಿನ ಜೊತೆ. ಏಳನೇ ತಲೆಮಾರೂ ಅದರಲ್ಲೇ ಓಡಿತು. 2017ರ ಅಕ್ಟೋಬರ್‌ನಲ್ಲಿ ಎಂಟನೆಯದು ಬಂತು. ಸಾಕೆಟ್ ಹೆಸರು ಅದೇ 1151, ಗಾತ್ರವೂ ಅದೇ. ಆದರೆ ಇಂಟೆಲ್ ಹೇಳಿತು: 300 ಸರಣಿಯ ಚಿಪ್‌ಸೆಟ್ ಇರೋ ಹೊಸ ಬೋರ್ಡ್ ಬೇಕೇ ಬೇಕು.

ಕಾರಣ ಏನು ಕೊಟ್ಟರು? ಈ ತಲೆಮಾರಿನಲ್ಲಿ ಆರು ಕೋರ್ ಇವೆ, ಹೆಚ್ಚು ಕರೆಂಟ್ ಬೇಕು. ಅದಕ್ಕೆ, ಖಾಲಿ ಬಿಟ್ಟಿದ್ದ ಕೆಲವು ಪಿನ್‌ಗಳನ್ನ ವಿದ್ಯುತ್ತಿಗೆ ಬಳಸಿದ್ದೇವೆ ಅಂತ. ಇದು ಸುಳ್ಳಲ್ಲ. ಕೋರ್‌ಗಳಿಗೆ ವಿದ್ಯುತ್ ಒಯ್ಯೋ ಪಿನ್‌ಗಳು 128ರಿಂದ 146ಕ್ಕೆ ಏರಿದ್ದವು. ಆರು ಕೋರಿನ ಐ7ಗೆ ಆ ಮಾತು ಒಪ್ಪೋಣ.

ಆದರೆ ನನ್ನ ಐ3 8100ನಲ್ಲಿ ಇದ್ದದ್ದು ನಾಲ್ಕೇ ಕೋರ್, 65 ವ್ಯಾಟ್. ಏಳನೇ ತಲೆಮಾರಿನ ಐ5 7500, ಅದೂ ನಾಲ್ಕು ಕೋರ್, ಅದೂ 65 ವ್ಯಾಟ್, ನನ್ನಂಥದ್ದೇ ಎಚ್110 ಬೋರ್ಡ್‌ಗಳಲ್ಲಿ ಆರಾಮಾಗಿ ಓಡುತ್ತಿತ್ತು. ಮುಂದೆ ಕೆಲವು ಹವ್ಯಾಸಿಗಳು ಹಳೆಯ ಬೋರ್ಡಿನ ಬಯೋಸ್ ತಿದ್ದಿ, ಪ್ರೊಸೆಸರ್‌ನ ಕೆಲವು ಸಂಪರ್ಕಗಳಿಗೆ ಟೇಪ್ ಅಂಟಿಸಿ, ಎಂಟನೇ ತಲೆಮಾರನ್ನ ಓಡಿಸಿಯೇ ತೋರಿಸಿದರು. ನೀವು ಮನೇಲಿ ಅದನ್ನ ಮಾಡೋಕೆ ಹೋಗಬೇಡಿ. ಆದರೆ ಅದರಿಂದ ಒಂದು ಗೊತ್ತಾಗುತ್ತೆ: ನನ್ನ ಸ್ಕ್ರೀನ್ ಕಪ್ಪಾಗಿದ್ದಕ್ಕೆ ಭೌತಶಾಸ್ತ್ರ ಅರ್ಧ ಕಾರಣ, ವ್ಯಾಪಾರ ಇನ್ನರ್ಧ. ಇದು ನನ್ನ ಲೆಕ್ಕ. ಹೊಸ ಪ್ರೊಸೆಸರ್ ಜೊತೆ ಹೊಸ ಬೋರ್ಡ್ ಮಾರಾಟ ಆದರೆ, ಚಿಪ್‌ಸೆಟ್ ಮಾಡೋ ಕಂಪನಿಗೆ ಎರಡು ಸಲ ಲಾಭ.

ಗಿರಾಕಿಗಳು ಗೆದ್ದ ಒಂದು ಸಲ

ಇದೇ ಹೊತ್ತಿಗೆ ಎಎಂಡಿ ಬೇರೆ ದಾರಿ ಹಿಡಿದಿತ್ತು. 2017ರಲ್ಲಿ ಬಂದ ರೈಜನ್ ಕೂರೋ ಎಎಂ4 ಸಾಕೆಟ್ಟನ್ನ 2020ರವರೆಗೂ ನಡೆಸ್ತೀವಿ ಅಂತ ಮಾತು ಕೊಟ್ಟಿತ್ತು. ಜನ ಆ ಮಾತು ನಂಬಿ ಬಿ450 ಬೋರ್ಡ್ ಕೊಂಡರು. 2020ರ ಮೇ ತಿಂಗಳಲ್ಲಿ ಎಎಂಡಿ, "ಮುಂದಿನ ರೈಜನ್ 5000 ಹಳೆಯ ಬೋರ್ಡಲ್ಲಿ ಓಡಲ್ಲ" ಅಂದುಬಿಟ್ಟಿತು. ಬಯೋಸ್ ಇಡೋ ಮೆಮೊರಿ ಚಿಪ್ ಹಲವು ಬೋರ್ಡ್‌ಗಳಲ್ಲಿ 16 ಎಂಬಿ ಮಾತ್ರ, ಎಲ್ಲ ಪ್ರೊಸೆಸರ್‌ಗಳ ಮಾಹಿತಿ ಅದರಲ್ಲಿ ಹಿಡಿಸಲ್ಲ ಅನ್ನೋದು ಕಾರಣ.

ಗಿರಾಕಿಗಳು ಸುಮ್ಮನೆ ಕೂರಲಿಲ್ಲ, ಗಲಾಟೆ ಎಬ್ಬಿಸಿದರು. ಅದೇ ತಿಂಗಳೊಳಗೆ ಎಎಂಡಿ ಮಾತು ಬದಲಿಸಿ, ಬಿ450, ಎಕ್ಸ್470 ಬೋರ್ಡ್‌ಗಳಿಗೆ ಅವಕಾಶ ಕೊಟ್ಟಿತು. 2022ರಲ್ಲಿ 300 ಸರಣಿಯ ಬೋರ್ಡ್‌ಗಳಿಗೂ ಬಾಗಿಲು ತೆರೆಯಿತು. 2017ರಲ್ಲಿ ಕೊಂಡ ಬೋರ್ಡಿಗೆ ಬಯೋಸ್ ಅಪ್‌ಡೇಟ್ ಮಾಡಿ 2022ರ ಪ್ರೊಸೆಸರ್ ಹಾಕಬಹುದಾಯ್ತು. ಐಬಿಎಂ ಒಂದೇ ಮಾಡಿಸಿದ್ದನ್ನ ಈ ಸಲ ಸಾವಿರಾರು ಸಣ್ಣ ಗಿರಾಕಿಗಳು ಸೇರಿ ಮಾಡಿಸಿದರು.

ಹಾಗಂತ ಎಎಂ4 ಅಂದ್ರೆ ಕಣ್ಣು ಮುಚ್ಚಿ ತಗೊಳ್ಳಿ ಅಂತಲ್ಲ. ಹೊಸ ಬಿ550 ಬೋರ್ಡಿಗೆ ಹಳೆಯ ರೈಜನ್ 1000, 2000 ಸರಣಿಯ ಚಿಪ್ ಹಾಕೋಕೆ ಅಧಿಕೃತ ಬೆಂಬಲ ಇಲ್ಲ. ಬಾಗಿಲು ಎರಡೂ ಕಡೆಯಿಂದ ಮುಚ್ಚಿಕೊಳ್ಳಬಹುದು.

ಈಗ ನಮ್ಮ ಊರುಗಳಲ್ಲಿ

ಭದ್ರಾವತಿಯಲ್ಲೋ ಶಿವಮೊಗ್ಗದಲ್ಲೋ ಹತ್ತು–ಹನ್ನೆರಡು ಸಾವಿರಕ್ಕೆ ಕಂಪ್ಯೂಟರ್ ಬೇಕು ಅಂತ ಹೊರಟರೆ, ಹೆಚ್ಚಾಗಿ ಕೇಳಿಬರೋ ಹೆಸರು ಎಚ್61. ಈ ಚಿಪ್‌ಸೆಟ್ ಬಂದಿದ್ದು 2011ರಲ್ಲಿ. ಇವತ್ತಿಗೂ ಎಚ್61ನ "ಹೊಸ" ಬೋರ್ಡ್‌ಗಳು ಮಾರಾಟಕ್ಕಿವೆ. ಎರಡು, ಮೂರನೇ ತಲೆಮಾರಿನ ಹಳೆಯ ಐ3, ಐ5 ಅದರಲ್ಲಿ ಕೂರುತ್ತವೆ. ಓದಿಗೆ, ಟೈಪಿಂಗಿಗೆ ಸಾಕಾಗುತ್ತೆ. ಆದರೆ ಹಳೆಯ ಬಯೋಸ್ ಇರೋ ಎಚ್61ನಲ್ಲಿ ಮೂರನೇ ತಲೆಮಾರು ಏಳಲ್ಲ, ಅಪ್‌ಡೇಟ್ ಬೇಕು.

ಇನ್ನೊಂದು ಬೇಲಿ ಈಗ ಸಾಫ್ಟ್‌ವೇರ್ ಕಡೆಯಿಂದ ಬಂದಿದೆ. 2021ರ ವಿಂಡೋಸ್ 11, ಇಂಟೆಲ್‌ನಲ್ಲಾದರೆ ಹೆಚ್ಚು ಕಡಿಮೆ ಎಂಟನೇ ತಲೆಮಾರಿನಿಂದ ಮೇಲಿನದನ್ನ ಮಾತ್ರ ಒಪ್ಪುತ್ತೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ತಮಾಷೆ ಏನಂದ್ರೆ, ಅವತ್ತು ನಾನು ಎರಡು ಸಾವಿರ ನಷ್ಟಕ್ಕೆ ಮಾರಿದ ಐ3 8100 ಆ ಪಟ್ಟಿಯಲ್ಲಿದೆ. ಉಳಿಸಿಕೊಂಡ ಪೆಂಟಿಯಂ ಇಲ್ಲ. ಅದರಲ್ಲಿ ಈಗ ಲಿನಕ್ಸ್ ಓಡ್ತಾ ಇದೆ, ಚೆನ್ನಾಗೇ ಇದೆ.

ದುಡ್ಡು ಕೊಡೋ ಮುಂಚೆ

ಈ ಚರಿತ್ರೆಯಿಂದ ಏನು ಕಲೀಬೇಕು? ಸಾಕೆಟ್ ನಂಬರ್ ಅನ್ನೋದು ಬಾಗಿಲಿನ ಅಳತೆ ಅಷ್ಟೇ. ಒಳಗೆ ಬಿಟ್ಟುಕೊಳ್ತಾರಾ ಅನ್ನೋದು ಬೇರೆ ಪ್ರಶ್ನೆ. ಅದಕ್ಕೆ ಐದು ನಿಮಿಷದ ಕೆಲಸ ಇದೆ.

ಒಂದು, ಬೋರ್ಡಿನ ಪೂರ್ತಿ ಮಾದರಿ ಹೆಸರು ಬರ್ಕೊಳ್ಳಿ. ಬೋರ್ಡಿನ ಮೇಲೇ ಅಚ್ಚಾಗಿರುತ್ತೆ, ವಿಂಡೋಸ್‌ನ ಸಿಸ್ಟಮ್ ಇನ್ಫರ್ಮೇಶನ್‌ನಲ್ಲೂ ಸಿಗುತ್ತೆ. ರಿವಿಷನ್ ನಂಬರ್ ಇದ್ದರೆ ಅದನ್ನೂ ಬಿಡಬೇಡಿ.

ಎರಡು, ಬೋರ್ಡ್ ಮಾಡಿದ ಕಂಪನಿಯ ಸೈಟಿನಲ್ಲಿ ಆ ಮಾದರಿಯ ಸಿಪಿಯು ಸಪೋರ್ಟ್ ಲಿಸ್ಟ್ ತೆಗೀರಿ. ನಿಮ್ಮ ಪ್ರೊಸೆಸರ್ ಅದರಲ್ಲಿ ಇದ್ದರೆ ಮಾತ್ರ ಮುಂದಿನ ಮಾತು. "ಸಾಕೆಟ್ ಒಂದೇ ಅಲ್ವಾ ಗುರು" ಅಂತ ಯಾರು ಹೇಳಿದ್ರೂ ನಂಬಬೇಡಿ. ನಾನೇ ಹೇಳಿದ್ರೂ!

ಮೂರು, ಅದೇ ಪಟ್ಟಿಯಲ್ಲಿ ಯಾವ ಬಯೋಸ್ ವರ್ಷನ್‌ನಿಂದ ಬೆಂಬಲ ಅಂತ ಇರುತ್ತೆ. ನಿಮ್ಮದು ಹಳೆಯದಾದರೆ, ಹಳೆಯ ಪ್ರೊಸೆಸರ್ ಬಿಚ್ಚೋ ಮುಂಚೆಯೇ ಅಪ್‌ಡೇಟ್ ಮಾಡಿ. ಹೊಸ ಬೋರ್ಡ್ ಆದರೆ ಅಂಗಡಿಯಲ್ಲೇ ಮಾಡಿಸಿಕೊಳ್ಳಿ. ಅಪ್‌ಡೇಟ್ ನಡೀತಿರುವಾಗ ಕರೆಂಟ್ ಹೋದರೆ ಬೋರ್ಡೇ ಏಳದೆ ಹೋಗಬಹುದು, ಹಾಗಾಗಿ ಯುಪಿಎಸ್ ಇರೋ ಕಡೆ ಮಾಡಿ. ಮಲೆನಾಡಿನ ಮಳೆಗಾಲ ನಿಮಗೆ ಗೊತ್ತಲ್ಲ.

ನಾಲ್ಕು, ರ‍್ಯಾಮ್. ಎಚ್61ಗೆ ಡಿಡಿಆರ್3, ಎಎಂ4ಗೆ ಡಿಡಿಆರ್4, ಎಎಂ5ಗೆ ಡಿಡಿಆರ್5. ಇಂಟೆಲ್‌ನ ಎಲ್‌ಜಿಎ 1700 ಬೋರ್ಡ್‌ಗಳಲ್ಲಿ ಎರಡು ಜಾತಿ ಇವೆ, ಕೆಲವು ಡಿಡಿಆರ್4, ಕೆಲವು ಡಿಡಿಆರ್5. ನೋಡಿ ತಗೊಳ್ಳಿ.

ಐದು, ಇಂಟೆಲ್ ಹೆಸರಿನ ಕೊನೆಯಲ್ಲಿ "ಎಫ್" ಇದ್ದರೆ, ಐ3 12100ಎಫ್ ಥರ, ಅದರೊಳಗೆ ಗ್ರಾಫಿಕ್ಸ್ ಇರಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಎಲ್ಲ ಸರಿ ಇದ್ದೂ ಸ್ಕ್ರೀನ್ ಕಪ್ಪು. ಎಎಂ4 ರೈಜನ್‌ನಲ್ಲಿ ಇದಕ್ಕೆ ಉಲ್ಟಾ: ಕೊನೆಯಲ್ಲಿ "ಜಿ" ಇದ್ದರೆ ಮಾತ್ರ ಒಳಗೆ ಗ್ರಾಫಿಕ್ಸ್ ಇದೆ ಅಂತ ಲೆಕ್ಕ.

ಕೊನೆಗೆ, ಸೆಕೆಂಡ್ ಹ್ಯಾಂಡ್ ಬೋರ್ಡ್ ಆದರೆ ಸಾಕೆಟ್ಟಿನ ಫೋಟೊ ಹತ್ತಿರದಿಂದ ಕೇಳಿ ತರಿಸ್ಕೊಳ್ಳಿ. ಒಂದು ಪಿನ್ ಬಗ್ಗಿದ್ದರೂ ಬೇಡ. ಆದರೆ ಓಡಿಸಿ ತೋರಿಸಿ ಅನ್ನಿ. ಸಂಕೋಚ ಬೇಡ, ದುಡ್ಡು ನಿಮ್ಮದು.

ಅಮ್ಮನ ಸಂಘದ ಸಾಲ? ವಾರವಾರ ಕಂತು ಕಟ್ಟಿ ತೀರಿಸಿದ್ವಿ. ಮದುವೆ ವಿಡಿಯೊ ಕೆಲಸ ಒಂದು ವರ್ಷ ತಡವಾಗಿ ಶುರುವಾಯ್ತು. ಅಮ್ಮ ಯಾವತ್ತೂ ಬೈಯಲಿಲ್ಲ. ಆದರೆ ಈಗಲೂ ಮನೆಗೆ ಹೊಸದೇನಾದ್ರೂ ತಂದರೆ, ಮಿಕ್ಸಿ ಆಗಲಿ, ಕುಕ್ಕರ್ ಗ್ಯಾಸ್ಕೆಟ್ ಆಗಲಿ, ಮೊದಲು ಕೇಳೋದು ಒಂದೇ: "ಇದು ಕೂರೋದಷ್ಟೇನಾ, ಓಡುತ್ತಾ?"

ನೀವೂ ಅದನ್ನೇ ಕೇಳಿ.